ನಮ್ಮ ಪ್ರಯೋಗಾಲಯದ ಆರೋಗ್ಯವಂತ

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಆರೋಗ್ಯವಂತರೆಂದು ಹೆಸರಾಗಿದ್ದವರು ಡ್ರೈವರ್ ವೆಂಕಟರವಣಪ್ಪನವರು. ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ರಕ್ತದ ಕ್ಯಾನ್ಸರನ್ನು ಬೇಗ ಗುರುತಿಸುವ ದಾರಿ ಹುಡುಕುವುದೇ ನಮ್ಮ ಪ್ರಯೋಗಾಲಯದ ಕೆಲಸವಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮಗಂತೂ ತಿಳಿಯಲು ಬಹಳ ಕಾಲ ಹಿಡಿಯಿತು. ಓದುವವರು ಅಷ್ಟು ಕಾಯುವುದು ಬೇಡ.

ನಾನೀಗ ನಿವೃತ್ತಳಾಗಿ ಮಾಲೂರಿನ ಮನೆಯಲ್ಲಿದ್ದೇನೆ. ಬಯೋಟೆಕ್ ಓದಿದ ಹುಡುಗಿಯರು ಆಗಾಗ ಬಂದು, "ಆಂಟಿ, ಲ್ಯಾಬ್ ಕೆಲಸ ಹೇಗಿರುತ್ತೆ?" ಎಂದು ಕೇಳುತ್ತಾರೆ. "ಕಾಲು ನೋಯುತ್ತೆ ಕಣಮ್ಮ" ಎನ್ನುತ್ತೇನೆ. ಅವರು ನಕ್ಕು, ಕಾಫಿ ಕುಡಿದು ಹೋಗುತ್ತಾರೆ. ಹೇಳಿದ್ದು ಸುಳ್ಳಲ್ಲ. ಆದರೆ ಕಾಲು ನೋಯುವುದರಾಚೆಗೂ ಸ್ವಲ್ಪ ಇದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಆಮೇಲೆ ಬಿಎಸ್ಸಿ, ಆಮೇಲೆ ಮದುವೆ, ಆಮೇಲೆ ಬಹಳ ವರ್ಷ ಅಡುಗೆಮನೆ. ಮಗಳು ಹೈಸ್ಕೂಲು ಸೇರಿದ ವರ್ಷ ಕೋಲಾರದ ಹೊರಗೆ, ಹೆದ್ದಾರಿಯ ಬದಿಯಲ್ಲಿ, ಒಂದು ಸಂಶೋಧನಾ ಕೇಂದ್ರ ಹೊಸದಾಗಿ ಶುರುವಾಗಿತ್ತು. ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಬಂದಿದ್ದ ಉಳಿದವರ ಕೈಯಲ್ಲಿ ದಪ್ಪದಪ್ಪ ಫೈಲುಗಳಿದ್ದವು. ನನ್ನ ಕೈಯಲ್ಲಿ ಕರ್ಚೀಫ್ ಇತ್ತು. ಡೈರೆಕ್ಟರು ನನ್ನ ಅಂಕಪಟ್ಟಿಯನ್ನು ನೋಡಲಿಲ್ಲ.

"ಮನೇಲಿ ಹಾಲಿಗೆ ಹೆಪ್ಪು ಹಾಕೋದು ಯಾರು?" ಎಂದರು.

"ನಾನೇ ಸರ್."

"ಯಾವತ್ತಾದ್ರೂ ಕೆಟ್ಟಿದೆಯಾ?"

"ಬೇಸಿಗೆಯಲ್ಲಿ ಹುಳಿ ಬಂದಿದೆ ಸರ್. ಕೆಟ್ಟಿಲ್ಲ."

"ಸೋಮವಾರದಿಂದ ಬನ್ನಿ."

ಎಂಥ ಮನುಷ್ಯ, ಕೆಲಸದ ಮರ್ಮವನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದುಬಿಟ್ಟರಲ್ಲ ಎಂದು ನಾನು ಬಹಳ ದಿನ ಅವರನ್ನು ಗೌರವಿಸಿದ್ದೆ. ಅವರ ಹೆಂಡತಿ ಆ ವಾರ ತವರಿಗೆ ಹೋಗಿದ್ದರೆಂದೂ ಅವರ ಮನೆಯಲ್ಲಿ ಮೊಸರು ದಿನವೂ ಕೆಡುತ್ತಿತ್ತೆಂದೂ ಆಮೇಲೆ ಗೊತ್ತಾಯಿತು. ಗೌರವವನ್ನು ಆಗಲೇ ಕೊಟ್ಟಾಗಿತ್ತು, ವಾಪಸ್ ತೆಗೆದುಕೊಳ್ಳಲಿಲ್ಲ.

ನನ್ನ ಪಾಲಿಗೆ ಬಂದದ್ದು ಜೀವಕೋಶಗಳನ್ನು ಸಾಕುವ ಕೋಣೆ. ಯಾವುದೋ ದೇಶದ ಯಾವುದೋ ಕ್ಯಾನ್ಸರ್ ರೋಗಿಯ ರಕ್ತದಿಂದ ಎಂದೋ ತೆಗೆದ ಜೀವಕೋಶಗಳು. ಆ ಮನುಷ್ಯ ತೀರಿಕೊಂಡು ಎಷ್ಟು ಕಾಲವಾಗಿತ್ತೋ, ಅವನ ಜೀವಕೋಶಗಳು ಮಾತ್ರ ಕೋಲಾರದಲ್ಲಿ ಬಾಟಲಿಯೊಳಗೆ ದಿನವೂ ಇಮ್ಮಡಿಯಾಗುತ್ತಿದ್ದವು. ಅವಕ್ಕೆ ಗುಲಾಬಿ ಬಣ್ಣದ ದ್ರವವೇ ಆಹಾರ. ಅದು ಹಳದಿಗೆ ತಿರುಗಿದರೆ ಹಸಿವಾಗಿದೆ ಎಂದು ಅರ್ಥ. ಹಬ್ಬ, ಭಾನುವಾರ, ಮನೆಯಲ್ಲಿ ಶ್ರಾದ್ಧ, ಯಾವುದನ್ನೂ ಅವು ಒಪ್ಪುತ್ತಿರಲಿಲ್ಲ.

ಅತ್ತೆ ಒಂದು ಸಲ ಕೇಳಿದರು. "ಭಾನುವಾರಾನೂ ಹೋಗ್ತೀಯಲ್ಲ, ಅಂಥದ್ದೇನೇ ಕೆಲಸ?"

"ಸೆಲ್ಸಿಗೆ ಊಟ ಹಾಕ್ಬೇಕು ಅತ್ತೆ."

"ಮನೇಲಿ ಹಾಕಿದ್ದು ಸಾಲ್ದಾಯ್ತಾ?"

ಆ ಗುಲಾಬಿ ದ್ರವಕ್ಕೆ ಹುಟ್ಟದ ಕರುವಿನ ರಕ್ತದ ತಿಳಿಯನ್ನು ಬೆರೆಸುತ್ತಾರೆ ಎಂಬ ವಿಚಾರವನ್ನು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಬಸ್ಸಿನಿಂದ ಇಳಿದು ಬಂದವಳು ನೇರ ಬಚ್ಚಲಿಗೆ ಹೋಗುತ್ತಿದ್ದೆ. ಸೊಸೆ ಮಡಿವಂತೆ ಎಂದು ಅವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು.

ಇನ್ನು ಕೆಲಸದ ವಿಷಯ. ಡಿಎನ್‌ಎಯ ಪುಟ್ಟ ಎಳೆಗಳು ತಮ್ಮಷ್ಟಕ್ಕೆ ಮಡಚಿಕೊಂಡು ಒಂದೊಂದು ಆಕಾರ ತಳೆಯುತ್ತವೆ. ಕೆಲವು ಆಕಾರಗಳು ರೋಗದ ಜೀವಕೋಶದ ಮೈಗೆ ಸರಿಯಾಗಿ ಕೂರುತ್ತವೆ. ಹಾಗೆ ಕೂರುವ ಎಳೆಗೆ ಆಪ್ಟಮರ್ ಎಂದು ಹೆಸರು. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ ರೋಗ ಇರುವ ರಕ್ತ ಹೊಳೆಯುತ್ತದೆ, ಇಲ್ಲದ ರಕ್ತ ಸುಮ್ಮನಿರುತ್ತದೆ. ಸರಿಯಾದ ಎಳೆ ಯಾವುದೆಂದು ಯಾರಿಗೂ ಮೊದಲು ಗೊತ್ತಿರುವುದಿಲ್ಲ. ಆದ್ದರಿಂದ ಲೆಕ್ಕವಿಲ್ಲದಷ್ಟು ಬಗೆಯ ಎಳೆಗಳನ್ನು ಒಟ್ಟಿಗೆ ಜೀವಂತ ಕ್ಯಾನ್ಸರ್ ಕೋಶಗಳ ಮೇಲೆ ಸುರಿಯುತ್ತೇವೆ. ಅಂಟದ್ದನ್ನು ತೊಳೆದು ಚೆಲ್ಲಿ, ಅಂಟಿದ್ದನ್ನು ಬಿಡಿಸಿ ಇಟ್ಟುಕೊಳ್ಳುತ್ತೇವೆ. ಆಮೇಲೆ ಅದನ್ನೇ ಆರೋಗ್ಯವಂತರ ಜೀವಕೋಶಗಳ ಮೇಲೆ ಸುರಿಯುತ್ತೇವೆ. ಅಲ್ಲಿಯೂ ಅಂಟಿಕೊಂಡರೆ ಅಂಥ ಎಳೆ ನಮಗೆ ಬೇಡ. ನಮ್ಮಲ್ಲಿ ಇದಕ್ಕೆ ಕಳೆಯುವ ಸುತ್ತು ಎನ್ನುತ್ತಿದ್ದರು. ಉಳಿದದ್ದನ್ನು ಯಂತ್ರದಲ್ಲಿ ಹೆಚ್ಚಿಸಿಕೊಂಡು ಮತ್ತೆ ಮೊದಲಿನಿಂದ. ಇಡೀ ಕೆಲಸ ಇಷ್ಟೇ. ಇಷ್ಟಕ್ಕೆ ವರ್ಷಗಟ್ಟಲೆ ಬೇಕು.

ಅತಿಥಿಗಳು ಬಂದಾಗ ಡೈರೆಕ್ಟರು ಇದನ್ನು ರಾಗಿ ಕೇರುವುದಕ್ಕೆ ಹೋಲಿಸುತ್ತಿದ್ದರು. ಮೊರ ಹಿಡಿದವರಂತೆ ಎರಡೂ ಕೈ ಎತ್ತಿ ಆಡಿಸಿ ತೋರಿಸುತ್ತಿದ್ದರು. ಒಂದು ದಿನ ರೂಪಾ ನನ್ನ ಕಿವಿಯಲ್ಲಿ, "ಮೇಡಮ್, ಸಾರ್ ಮೊರ ಹಿಡಿದಿರೋದು ತಿರುಗಾಮುರುಗಾ. ಹಂಗ್ ಕೇರಿದ್ರೆ ರಾಗಿ ನೆಲಕ್ಕೆ, ಹೊಟ್ಟು ಮನೆಗೆ" ಎಂದಳು. ರೂಪಾ ಯಲ್ದೂರಿನ ಕಡೆಯ ಮಾವಿನ ತೋಟದವರ ಮನೆಯ ಹುಡುಗಿ. ಪಿಎಚ್‌ಡಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಈ ಆಪ್ಟಮರ್ ಹುಡುಕಾಟವೇ ಅವಳ ಪ್ರಬಂಧ.

ನಮ್ಮ ಮೊದಲ ಯಶಸ್ಸನ್ನೂ ಹೇಳಿಬಿಡುತ್ತೇನೆ. ಒಂದು ವಾರಾಂತ್ಯ ಕರೆಂಟು ಹೋಯಿತು. ಜನರೇಟರಿನ ಡೀಸೆಲ್ ಸಂಸ್ಥೆಯ ವಾರ್ಷಿಕೋತ್ಸವದ ದೀಪಾಲಂಕಾರಕ್ಕೆ ಖರ್ಚಾಗಿತ್ತು. ಸೋಮವಾರ ಬಂದು ನೋಡಿದರೆ ಅರ್ಧಕ್ಕರ್ಧ ಜೀವಕೋಶಗಳು ಮುದುಡಿದ್ದವು. "ಅರ್ಧ ಇದಾವಲ್ಲ, ನಡೀಲಿ" ಎಂದರು ಡೈರೆಕ್ಟರು. ನಡೆಯಿತು. ಫಲಿತಾಂಶ ನೋಡಿ ಅವರು ಬೆಂಗಳೂರಿಗೆಲ್ಲ ಫೋನ್ ಮಾಡಿದರು. ಎಳೆಗಳು ಅಷ್ಟು ಚೆನ್ನಾಗಿ ಅಂಟಿದ್ದವು. ಸತ್ತ ಜೀವಕೋಶ ಯಾವ ಡಿಎನ್‌ಎಯನ್ನೂ ಬೇಡವೆನ್ನುವುದಿಲ್ಲ, ಎಲ್ಲವನ್ನೂ ಹೀರಿಕೊಳ್ಳುತ್ತದೆ ಎಂದು ಫೋನಿನ ಆ ಕಡೆಯವರು ತಿಳಿಸಿದರು. ನಮ್ಮ ಮೊದಲ ಆಪ್ಟಮರ್ ಸಾವನ್ನು ಬಹಳ ಖಚಿತವಾಗಿ ಗುರುತಿಸುತ್ತಿತ್ತು. ಅದಕ್ಕೆ ಪ್ರಯೋಗಾಲಯ ಬೇಕಾಗಿರಲಿಲ್ಲ.

ಕ್ಯಾನ್ಸರ್ ಕೋಶಗಳು ಬಾಟಲಿಯಲ್ಲೇ ಬೆಳೆಯುತ್ತವೆ, ತೊಂದರೆಯಿಲ್ಲ. ನಮಗೆ ಕಷ್ಟವಾಗಿದ್ದು ಆರೋಗ್ಯವಂತರನ್ನು ಹುಡುಕುವುದು. ಕಳೆಯುವ ಸುತ್ತಿಗೆ ತಾಜಾ ರಕ್ತ ಬೇಕು. ರಕ್ತ ತೆಗೆಯುವ ನರ್ಸ್ ಗೇಟು ದಾಟಿದರೆ ಸಾಕು, ಅಕೌಂಟೆಂಟರಿಗೆ ಬ್ಯಾಂಕಿನಲ್ಲಿ ಕೆಲಸ, ಅಟೆಂಡರಿಗೆ ಹೊಟ್ಟೆನೋವು, ವಿದ್ಯಾರ್ಥಿಗಳಿಗೆ ಬೆಂಗಳೂರಿನಲ್ಲಿ ಸೆಮಿನಾರು. ರಕ್ತ ಕೊಟ್ಟರೆ ಶಕ್ತಿ ಹೋಗುತ್ತದೆ ಎಂಬ ನಂಬಿಕೆಯನ್ನು ಹೋಗಲಾಡಿಸಲು ಹಳ್ಳಿಗಳಲ್ಲಿ ಶಿಬಿರ ನಡೆಸುತ್ತಿದ್ದ ಸಂಸ್ಥೆ ನಮ್ಮದು.

ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದವರು ವೆಂಕಟರವಣಪ್ಪ ಒಬ್ಬರೇ. ನಂಗಲಿ ಕಡೆಯವರು. ನಮ್ಮ ವ್ಯಾನಿಗೆ ಬರುವ ಮೊದಲು ಗಡಿಯಾಚೆಗೆ ತರಕಾರಿ ಲಾರಿ ಓಡಿಸುತ್ತಿದ್ದವರು.

"ಹೆದ್ರಿಕೆ ಆಗಲ್ವಾ?" ಎಂದು ನರ್ಸ್ ಕೇಳಿದ್ದಳು.

"ಏಂ ಪರ್ವಾಲೇದಮ್ಮ, ತಗೋ. ಲಾರಿ ಕಾಲ್ದಲ್ಲಿ ದಾರಿಯುದ್ದಕ್ಕೂ ಚೆಕ್‌ಪೋಸ್ಟ್ನೋರು ಇದಕ್ಕಿಂತ ಜಾಸ್ತಿ ಹೀರವ್ರೆ. ಅವ್ರು ಹತ್ತಿನೂ ಒತ್ತುತ್ತಿರ್ಲಿಲ್ಲ."

ರಕ್ತ ಕೊಟ್ಟವರ ಹೆಸರು ಯಾರಿಗೂ ತಿಳಿಯಬಾರದೆಂದು ನಿಯಮ. ಆದ್ದರಿಂದ ಅವರ ಟ್ಯೂಬಿನ ಮೇಲೆ ಎನ್-ಒನ್ ಎಂದು ಬರೆದೆವು. ಎನ್ ಎಂದರೆ ನಾರ್ಮಲ್. ಎನ್-ಟೂ ಇರಲಿಲ್ಲ. ವೆಂಕಟರವಣಪ್ಪನವರಿಗೆ ಈ ಬಿರುದು ಬಹಳ ಹಿಡಿಸಿತು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ, "ನಾನು ಲ್ಯಾಬಲ್ಲಿ ನಾರ್ಮಲ್ಲು. ಎಲ್ಲಾರ್ ಕಾಯಿಲೇನೂ ನನ್ ಪಕ್ಕ ಇಟ್ಟೇ ನೋಡೋದು" ಎನ್ನುತ್ತಿದ್ದರು. ರಕ್ತ ಕೊಡುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಕೊಟ್ಟಾದ ಮೇಲೆ ಒಂದು ಎಳನೀರು, ಎರಡು ಮೊಟ್ಟೆ, ಅರ್ಧ ದಿನ ರಜೆ. ರಜೆಯನ್ನು ನಮ್ಮ ಗೇಟಿನ ಬಳಿ ಕುಳಿತೇ ಕಳೆಯುತ್ತಿದ್ದರು.

ಕೆಲಸಕ್ಕೆ ಸೇರುವಾಗ ಅವರ ವೈದ್ಯಕೀಯ ಪರೀಕ್ಷೆ ಆಗಿತ್ತು, ಏನೂ ತೊಂದರೆ ಇರಲಿಲ್ಲ. ಆಮೇಲೆ ಯಾರೂ ನೋಡಲಿಲ್ಲ. ನಾರ್ಮಲ್ ಆದವರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುವುದು ಅವಮಾನವಲ್ಲವೇ.

ವರ್ಷಗಳು ಕಳೆದಂತೆ ಅವರ ರಕ್ತ ಇನ್ನೂ ಚೆನ್ನಾಗುತ್ತಾ ಹೋಯಿತು. ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ನಡುವೆ ಒಂದು ಬಿಳಿ ಪದರ ನಿಲ್ಲುತ್ತದೆ. ನಮಗೆ ಬೇಕಾದ ಬಿಳಿ ರಕ್ತಕಣಗಳು ಅಲ್ಲಿರುತ್ತವೆ. ಸಾಮಾನ್ಯವಾಗಿ ಅದು ತೆಳು ಉಂಗುರ. ಇವರದ್ದು ಎಮ್ಮೆ ಹಾಲಿನ ಕೆನೆಯಂತೆ ದಪ್ಪಗೆ ಕಟ್ಟುತ್ತಿತ್ತು. ಡೈರೆಕ್ಟರು ಟ್ಯೂಬನ್ನು ಬೆಳಕಿಗೆ ಹಿಡಿದು, "ಇದು ರಕ್ತ ಅಂದ್ರೆ. ರಾಗಿ ಮುದ್ದೆಯ ಮಹಿಮೆ" ಎಂದು ಅತಿಥಿಗಳಿಗೆ ತೋರಿಸುತ್ತಿದ್ದರು. ವೆಂಕಟರವಣಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತಿರುತ್ತಿದ್ದರು. ಬಿಳಿ ಅಂಗಿಯ ಕತ್ತಿನ ಗುಂಡಿ ಈಚೆಗೆ ಬಿಚ್ಚಿಯೇ ಇರುತ್ತಿತ್ತು. "ಯಾಕೆ, ಸೆಖೆನಾ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲ ಮೇಡಮ್ನೋರೇ, ಇಸ್ತ್ರಿಯವ್ನು ಕಾಲರ್ ಸುಟ್ಟು ಕುಗ್ಗಿಸ್ಬಿಟ್ಟವ್ನೆ. ಕತ್ತು ಹಿಡೀತೈತೆ."

ಕುಗ್ಗಿದ್ದು ಕಾಲರ್ ಅಲ್ಲ. ಕತ್ತಿನ ಪಕ್ಕದಲ್ಲಿ ಗಂಟುಗಳು ಎದ್ದಿದ್ದವು. ಎಲ್ಲರೂ ನೋಡುತ್ತಿದ್ದೆವು, ಅಂಗಿಯನ್ನು.

ಈ ಹೊತ್ತಿಗೆ ರೂಪಾಳ ಕೆಲಸ ಪೂರ್ತಿ ಕೆಟ್ಟಿತ್ತು. ಕ್ಯಾನ್ಸರ್ ಕೋಶಗಳ ಮೇಲೆ ಎಳೆಗಳು ಚೆನ್ನಾಗಿ ಅಂಟುತ್ತಿದ್ದವು. ಎನ್-ಒನ್ ರಕ್ತದ ಮೇಲೆ ಸುರಿದು ಕಳೆಯುವ ಸುತ್ತು ಮುಗಿಸಿದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಜೀವಕೋಶಗಳನ್ನು ಒಂದೊಂದಾಗಿ ಓದುವ ಯಂತ್ರದ ಪರದೆಯಲ್ಲಿ ಒಂದು ಗುಡ್ಡ ಮೂಡುತ್ತದೆ. ಆಪ್ಟಮರ್ ಅಂಟಿದ್ದರೆ ಗುಡ್ಡ ಬಲಕ್ಕೆ ಸರಿಯಬೇಕು. ನಮ್ಮದು ಇದ್ದಲ್ಲೇ ಇತ್ತು. ಡೈರೆಕ್ಟರು ಕಿಟಕಿಯಾಚೆ ಕಾಣುವ ಬೆಟ್ಟದ ಸಾಲನ್ನು ತೋರಿಸಿ, "ಅದು ಸರಿದ್ರೂ ನಮ್ಮ ಗುಡ್ಡ ಸರಿಯಲ್ಲ ಕಣಮ್ಮ" ಎಂದರು.

ಆಮೇಲೆ ಅವರು ದೋಷಗಳನ್ನು ಹುಡುಕಲು ಹೊರಟರು. ಮೊದಲು ನೀರು. ಕೋಲಾರದ ಬೋರ್‌ವೆಲ್ ನೀರೆಂದು ಬೆಂಗಳೂರಿನಿಂದ ನೀರು ತರಿಸಿದರು. ಆಮೇಲೆ ರಾಸಾಯನಿಕ. ಆಮೇಲೆ ರೂಪಾಳ ಕೈ. ಅವಳು ಬಾತ್‌ರೂಮಿನಲ್ಲಿ ಅತ್ತು ಮುಖ ತೊಳೆದು ಬಂದ ದಿನ ಗೇಟಿನಿಂದ ಟೀ ತಂದುಕೊಟ್ಟವರು ವೆಂಕಟರವಣಪ್ಪನವರೇ.

"ಯಾಕ್ ಪಾಪ ಅಳ್ತೀಯ? ನನ್ ರಕ್ತ ಇನ್ನೊಂದ್ ಬಾಟ್ಲು ಬೇಕಾದ್ರೂ ತಗೋ. ಚೆನ್ನಾಗಿರೋದು ಅದೊಂದೇ ಅಲ್ವಾ ಇಲ್ಲಿ."

ಅವಳು ಇನ್ನೊಂದು ಟ್ಯೂಬ್ ತೆಗೆದುಕೊಂಡಳು.

ಹೀಗಿರುವಾಗ ಅವರು ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದರು. ಜೀವಕೋಶಗಳು ಬಲಿತು ನಿಂತಿದ್ದವು, ಕಾಯುವಂತಿರಲಿಲ್ಲ. "ಯಾರದಾದ್ರೂ ತಗೊಳ್ಳಿ" ಎಂದರು ಡೈರೆಕ್ಟರು. ಹತ್ತು ನಿಮಿಷದಲ್ಲಿ ಕಟ್ಟಡ ಖಾಲಿಯಾಯಿತು. ಉಳಿದವಳು ನಾನು. ಕಾನ್ವೆಂಟಿನಲ್ಲಿ ಕಲಿತವರಿಗೆ ಇದೊಂದು ತೊಂದರೆ, ಓಡಿಹೋಗುವ ಮೊದಲು ಅನುಮತಿ ಕೇಳಬೇಕೆನ್ನಿಸುತ್ತದೆ.

ನನ್ನ ರಕ್ತದ ಬಿಳಿ ಉಂಗುರ ದಾರದಷ್ಟು ತೆಳ್ಳಗಿತ್ತು. ಡೈರೆಕ್ಟರು ಟ್ಯೂಬ್ ನೋಡಿ, "ಏನ್ರೀ ವಿಮಲಾ ಅವರೇ, ಮನೇಲಿ ಊಟ ಮಾಡ್ತೀರೋ, ಬರೀ ಬಡಿಸ್ತೀರೋ?" ಎಂದರು. ಆ ಬಡ ರಕ್ತದಲ್ಲೇ ರೂಪಾ ಕಳೆಯುವ ಸುತ್ತು ಮುಗಿಸಿದಳು. ಮುಂದಿನ ದಿನ ಪರದೆಯ ಮೇಲೆ ಗುಡ್ಡ ಬಲಕ್ಕೆ ಸರಿದಿತ್ತು. ಅನುಮಾನವೇ ಇಲ್ಲದಷ್ಟು ಸರಿದಿತ್ತು. ಡೈರೆಕ್ಟರು ಮೈಸೂರು ಪಾಕ್ ತರಿಸಿದರು. ಕಟ್ಟಡ ಮತ್ತೆ ತುಂಬಿತು.

ಮದುವೆ ಮುಗಿಸಿ ವೆಂಕಟರವಣಪ್ಪ ಬಂದರು. ಯಶಸ್ಸನ್ನು "ಒಳ್ಳೆಯ ರಕ್ತದಲ್ಲಿ" ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳೋಣ ಎಂದರು ಡೈರೆಕ್ಟರು. ಮಾಡಿದೆವು. ಆ ಸಲ ಹಾಕಿದ ಎಳೆಗಳೆಲ್ಲ ಮತ್ತೆ ಮಾಯವಾದವು.

ಡೈರೆಕ್ಟರು ಬಹಳ ಹೊತ್ತು ಯೋಚಿಸಿ ತೀರ್ಮಾನಕ್ಕೆ ಬಂದರು. "ವಿಮಲಾ ಅವರ ರಕ್ತದಲ್ಲಿ ಏನೋ ದೋಷ ಇದೆ."

ಅವರು ನನ್ನ ಹಿತಕ್ಕೇ ಹೇಳಿದ್ದು, ಮುಖದಲ್ಲಿ ನಿಜವಾದ ಕಳವಳವಿತ್ತು. ನಮ್ಮ ಮನೆಯವರು ಆ ಸಂಜೆಯೇ ನನ್ನನ್ನು ಮಾಲೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ರಕ್ತದ ಎಲ್ಲ ಪರೀಕ್ಷೆಗಳೂ ಆದವು. ಅತ್ತೆ ಮೂರು ದಿನ ನನ್ನನ್ನು ಒಲೆ ಮುಂದೆ ನಿಲ್ಲಲು ಬಿಡಲಿಲ್ಲ. ಮದುವೆಯಾದಾಗಿನಿಂದ ಅಂಥ ಆರೈಕೆ ನನಗೆ ಸಿಕ್ಕಿದ್ದು ಅದೊಂದೇ ಸಲ. ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಬಂದಾಗ ಕೊಂಚ ಬೇಸರವೇ ಆಯಿತು.

ಆ ಸುದ್ದಿಯನ್ನು ರೂಪಾಳಿಗೆ ಹೇಳಿದೆ. ಅವಳು ಪಿಪೆಟ್ಟನ್ನು ಕೆಳಗಿಟ್ಟಳು.

"ಅಂದ್ರೆ ನೀವು ನಾರ್ಮಲ್ಲು."

"ಹೌದಮ್ಮ, ಡಾಕ್ಟ್ರು ಹಾಗೇ ಹೇಳಿದ್ರು."

"ಹಂಗಾದ್ರೆ ಮೇಡಮ್..." ಎಂದು ಹೊರಗೆ ತಿರುಗಿದಳು. ಕಿಟಕಿಯಾಚೆ ವೆಂಕಟರವಣಪ್ಪ ವ್ಯಾನಿನ ಗಾಜು ಒರೆಸುತ್ತಿದ್ದರು. ಇಬ್ಬರೂ ಅವರನ್ನೇ ನೋಡಿದೆವು.

ನನ್ನ ರಕ್ತದಿಂದ ಕಳೆದು ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದ ಎಳೆಗಳಿಗೆ ಬಣ್ಣ ಕಟ್ಟಿ, ಅವಳು ಅವನ್ನು ಎನ್-ಒನ್ ರಕ್ತಕ್ಕೆ ಹಾಕಿದಳು. ಗುಡ್ಡ ಬಲಕ್ಕೆ ಸರಿಯಿತು. ನಮ್ಮ ಎಳೆಗಳು ಮೊದಲಿನಿಂದಲೂ ಕೆಲಸ ಮಾಡುತ್ತಿದ್ದವು. ಕ್ಯಾನ್ಸರನ್ನು ಗುರುತಿಸಿದ ಎಳೆಗಳೆಲ್ಲ ವೆಂಕಟರವಣಪ್ಪನವರ ರಕ್ತದಲ್ಲೂ ಅದನ್ನೇ ಗುರುತಿಸಿ ಅಲ್ಲಿ ಅಂಟಿಕೊಳ್ಳುತ್ತಿದ್ದವು. ಆರೋಗ್ಯವನ್ನು ಗುರುತಿಸುವ ತಪ್ಪು ಎಳೆಗಳೆಂದು ನಾವು ಪ್ರತಿ ಸಲ ಅವನ್ನು ಎಸೆಯುತ್ತಿದ್ದೆವು.

ಡೈರೆಕ್ಟರು ಪರದೆಯ ಮುಂದೆ ಕುಳಿತು ಕನ್ನಡಕ ತೆಗೆದರು.

"ಹೇಳ್ಬೇಕಲ್ಲ ಸಾರ್ ಅವ್ರಿಗೆ" ಎಂದಳು ರೂಪಾ.

"ಯಾರಿಗೆ?"

"ವೆಂಕಟರವಣಪ್ಪ ಅಂಕಲ್ಗೆ."

"ಎನ್-ಒನ್ ಯಾರು ಅಂತ ನಮಗೆ ಗೊತ್ತಿಲ್ಲಮ್ಮ. ಗೊತ್ತಿರಬಾರದು. ಮತ್ತೆ ನಮ್ಮದು ಇನ್ನೂ ಒಪ್ಪಿಗೆಯಾದ ಪರೀಕ್ಷೆ ಅಲ್ಲ. ಇದನ್ನ ಹಿಡ್ಕೊಂಡು ಒಬ್ಬ ಮನುಷ್ಯನಿಗೆ ಕ್ಯಾನ್ಸರ್ ಇದೆ ಅನ್ನೋಕಾಗುತ್ತಾ? ಎಥಿಕ್ಸ್ ಕಮಿಟಿಗೆ ಬರೀತೀನಿ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿ, ಅಭ್ಯಾಸದಂತೆ, "ವೆಂಕಟರವಣಪ್ಪಾ, ಮುಳಬಾಗಿಲಿಗೆ ಗಾಡಿ ತೆಗಿ" ಎಂದು ಕೂಗಿದರು. ಕೂಗಿದ ಮೇಲೆ ಅವರ ಮುಖ ಸಣ್ಣದಾಯಿತು.

ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ನಾನೇ ನಾರ್ಮಲ್ಲು ಎಂದು ಊರಿಗೆಲ್ಲ ಹೇಳಿಕೊಂಡ ಮನುಷ್ಯನನ್ನು ಕಾಪಾಡಲು ಅದನ್ನು ಮಾಡಿರಲಿಲ್ಲ, ಅಷ್ಟೇ. ಕಮಿಟಿಯ ಸಭೆಗೆ ಒಂದು ತಿಂಗಳು ಸದಸ್ಯರು ಸಾಲಲಿಲ್ಲ, ಇನ್ನೊಂದು ತಿಂಗಳು ಅಧ್ಯಕ್ಷರು ಊರಲ್ಲಿರಲಿಲ್ಲ. ಡೈರೆಕ್ಟರು ನಿದ್ದೆಗೆಟ್ಟವರಂತಾದರು. ಕೊನೆಗೆ ಅವರೇ ಒಂದು ಉಪಾಯ ಹೂಡಿದರು. ಸಿಬ್ಬಂದಿಗೆಲ್ಲ ಆರೋಗ್ಯ ತಪಾಸಣೆ ಶಿಬಿರ. ಎಲ್ಲರ ಜೊತೆಗೆ ವೆಂಕಟರವಣಪ್ಪನವರದೂ ರಕ್ತ ಪರೀಕ್ಷೆಯಾಗುತ್ತದೆ, ಸಾಮಾನ್ಯ ಪರೀಕ್ಷೆಯಲ್ಲೇ ಬಿಳಿ ರಕ್ತಕಣ ಹೆಚ್ಚಿರುವುದು ಕಾಣುತ್ತದೆ, ಡಾಕ್ಟರೇ ಹೇಳುತ್ತಾರೆ. ಯಾವ ನಿಯಮವೂ ಮುರಿಯುವುದಿಲ್ಲ.

ಶಿಬಿರದ ದಿನ ಅಕೌಂಟೆಂಟರಿಂದ ಹಿಡಿದು ಅಟೆಂಡರವರೆಗೆ, ಡೈರೆಕ್ಟರ ಕಣ್ಣಿಗೆ ಹೆದರಿ, ಸಾಲಿನಲ್ಲಿ ನಿಂತರು. ವೆಂಕಟರವಣಪ್ಪ ಕುರ್ಚಿಗಳನ್ನು ಜೋಡಿಸಿ, ಅಳುತ್ತಿದ್ದ ಅಟೆಂಡರ ಕೈ ಹಿಡಿದುಕೊಂಡು, ಎಲ್ಲರಿಗೂ ಬಿಸ್ಕತ್ತು ಹಂಚಿದರು. ತಾವು ಮಾತ್ರ ಕೂರಲಿಲ್ಲ.

"ನಿಮ್ದೂ ಆಗ್ಲಿ ಬನ್ನಿ" ಎಂದೆ.

"ನಂದ್ಯಾಕ್ ಮೇಡಮ್? ಇವ್ರದನ್ನೆಲ್ಲ ಯಾವುದ್ರ ಪಕ್ಕ ಇಟ್ ನೋಡ್ತಾರೆ? ನಂದ್ರ ಪಕ್ಕಾನೇ ಅಲ್ವಾ? ತಕ್ಕಡಿ ಕಲ್ಲನ್ನೇ ತೂಕಕ್ಕಾಕ್ತೀರಲ್ಲ ನೀವು."

ಡೈರೆಕ್ಟರು ಬಂದು ಹೇಳಿದರು. ಗದರಿದರು. "ಬೇರೆಯೋರಿಗೆ ಬೇಕಾಗ್ತದೆ ಸಾರ್, ಸೂಜಿ ದಂಡ" ಎಂದು ವೆಂಕಟರವಣಪ್ಪ ನಗುತ್ತಾ ಬಿಸ್ಕತ್ತಿನ ತಟ್ಟೆ ಹಿಡಿದು ಹೋಗಿಬಿಟ್ಟರು. ಶಿಬಿರದಿಂದ ಅಕೌಂಟೆಂಟರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು.

ಮುಂದಿನ ವಾರ ಶ್ರೀನಿವಾಸಪುರದ ಆಸ್ಪತ್ರೆಯಿಂದ ಮಾದರಿಗಳನ್ನು ತರುವುದಿತ್ತು. ನಾನು ಯಾವಾಗಲೂ ಐಸ್ ಪೆಟ್ಟಿಗೆಯ ಜೊತೆ ಹಿಂದೆ ಕೂರುವವಳು. ಅಂದು ಮುಂದೆ ಹತ್ತಿದೆ.

"ಏನ್ ಮೇಡಮ್ನೋರೇ, ಪ್ರಮೋಷನ್ನಾ?"

ಮಾವಿನ ಕಾಲ. ಯಲ್ದೂರಿನ ತಿರುವಿನಲ್ಲಿ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ವ್ಯಾನ್ ಮುಂದೆ ಹೋಗುವಂತಿರಲಿಲ್ಲ. ಅವರು ಇಂಜಿನ್ ಆರಿಸಿದರು. ಮನೆಯಲ್ಲಿ ಕನ್ನಡಿಯ ಮುಂದೆ ಸುತ್ತಿಬಳಸಿ ಹೇಳುವ ಮಾತುಗಳನ್ನು ಸಿದ್ಧ ಮಾಡಿಕೊಂಡು ಬಂದಿದ್ದೆ. ಅವರ ಕತ್ತಿನ ಬಿಚ್ಚಿದ ಗುಂಡಿ ನೋಡಿ ಎಲ್ಲ ಮರೆತುಹೋಯಿತು.

"ವೆಂಕಟರವಣಪ್ಪನವರೇ, ನಿಮ್ಮ ರಕ್ತ ಚೆನ್ನಾಗಿಲ್ಲ."

ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ. ದಪ್ಪ ಕೆನೆ ಏನೆಂದು ಹೇಳಿದೆ, ಕತ್ತಿನ ಗಂಟು ಏನಿರಬಹುದೆಂದು ಹೇಳಿದೆ, ಇದು ವಯಸ್ಸಾದವರಲ್ಲಿ ನಿಧಾನವಾಗಿ ಬೆಳೆಯುವ ಬಗೆ ಇರಬಹುದು, ಡಾಕ್ಟರೇ ನೋಡಿ ಹೇಳಬೇಕು ಎಂದೆ. ಮುಂದಿನ ಟ್ರಾಕ್ಟರ್ ಹೊರಟಿತು. ಹಿಂದಿನವರು ಹಾರನ್ ಒತ್ತುತ್ತಿದ್ದರು. ಅವರ ಕೈ ಗೇರಿನ ಮೇಲಿತ್ತು, ಗಾಡಿ ಹೊರಡಲಿಲ್ಲ.

"ಅಂದ್ರೆ," ಎಂದರು ಕೊನೆಗೆ, "ಪಾಪನ ಕೆಲ್ಸ ಕೆಡ್ತಿದ್ದಿದ್ದು ನನ್ನಿಂದಾನಾ?"

ನಾನು ಕಿಟಕಿಯ ಗಾಜು ಇಳಿಸಿದೆ.

"ಆ ಮಗು ಅಳ್ತಿದ್ದಾಗ ಇನ್ನೊಂದ್ ಬಾಟ್ಲು ತಗೋ ಅಂದೆ ನೋಡಿ ನಾನು. ಎಂಥ ಮನ್ಷ ಮೇಡಮ್ ನಾನು."

"ನಿಮಗೇನು ಗೊತ್ತಿತ್ತು? ನಮಗೇ ಗೊತ್ತಿರಲಿಲ್ಲ."

"ನಿಮ್ಗ್ ಗೊತ್ತಾಗೋದು ತಡ ಆಗ್ತದೆ ಬಿಡಿ, ನೀವು ಓದಿದೋರು. ನನ್ ಮೈ ನಂಗೊತ್ತಾಗ್ಬೇಕಿತ್ತು." ಗೇರು ಹಾಕಿದರು. ಸ್ವಲ್ಪ ದೂರ ಹೋದ ಮೇಲೆ, "ಮನೇಲಿ ಏನಂತ ಹೇಳ್ಲಿ? ನಾರ್ಮಲ್ಲು ನಾರ್ಮಲ್ಲು ಅಂತ ಅವ್ಳ್ ತಲೆ ತಿಂದಿದೀನಿ ಇಷ್ಟು ವರ್ಷ" ಎಂದರು. ಶ್ರೀನಿವಾಸಪುರ ತಲುಪಿದೆವು. ಐಸ್ ಪೆಟ್ಟಿಗೆಯನ್ನು ಎಂದಿನಂತೆ ಅವರೇ ಎತ್ತಿಕೊಂಡರು.

ಮರುದಿನ ನಾನು ಡೈರೆಕ್ಟರಿಗೆ ಹೇಳಿದೆ, ವೆಂಕಟರವಣಪ್ಪನವರಿಗೆ ವಿಷಯ ತಿಳಿಸಿದ್ದೇನೆ ಎಂದು.

"ನೀವು ಈಗ ಹೇಳಿದ್ದು ನನಗೆ ಕೇಳಿಸಲಿಲ್ಲ" ಎಂದರು ಅವರು. ಎಂದವರೇ ರಜೆ ಚೀಟಿಗೆ ಸಹಿ ಮಾಡಿ, ತಮ್ಮ ಸ್ವಂತ ಕಾರಿನ ಕೀಲಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಬೆಂಗಳೂರಿನ ಆಸ್ಪತ್ರೆಗೆ ರೂಪಾ ಜೊತೆಗೆ ಹೋದಳು. ಕಾರು ಓಡಿಸಿದವರು ವೆಂಕಟರವಣಪ್ಪನವರೇ. ಬೇರೆ ಯಾರಿಗೂ ಬಿಡಲಿಲ್ಲವಂತೆ.

ನಮ್ಮ ಗುಡ್ಡ ಹೇಳಿದ್ದು ನಿಜವಾಗಿತ್ತು. ಆದರೆ ಕಾಯಿಲೆ ಇನ್ನೂ ಮೊದಲ ಹಂತದಲ್ಲಿತ್ತು. ಈಗಲೇ ಔಷಧಿ ಬೇಡ, ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಿ, ಹೆಚ್ಚಾದರೆ ಮಾತ್ರೆ ಶುರು ಮಾಡೋಣ ಎಂದರು ಡಾಕ್ಟರು. ವೆಂಕಟರವಣಪ್ಪನವರಿಗೆ ಇದು ಸಮಾಧಾನವಾಗಲಿಲ್ಲ. "ಕ್ಯಾನ್ಸರ್ ಅಂತಾರೆ, ಔಷಧಿ ಬೇಡ ಅಂತಾರೆ. ಎರಡರಲ್ಲಿ ಒಂದು ಸುಳ್ಳಿರ್ಬೇಕು" ಎಂದು ಗೇಟಿನವರೊಂದಿಗೆ ವಾದ ಮಾಡಿದರು. ಎರಡು ವರ್ಷದ ಮೇಲೆ ಮಾತ್ರೆ ಶುರುವಾದಾಗಲೇ ಅವರಿಗೆ ಡಾಕ್ಟರ ಮೇಲೆ ಪೂರ್ತಿ ನಂಬಿಕೆ ಬಂದದ್ದು. ಈಗಲೂ ಮಾತ್ರೆ ನುಂಗಿಕೊಂಡು, ಮೊಮ್ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಾರೆ.

ಕಮಿಟಿಯ ಉತ್ತರವೂ ಬಂತು. ಎನ್-ಒನ್ ದಾನಿ ಯಾರೆಂದು ಗುರುತಿಸಲು ಸಾಧ್ಯವಿಲ್ಲವಾದ್ದರಿಂದ ತಿಳಿಸುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತ್ತು. ಅಂಚೆ ಕಚೇರಿಯಿಂದ ಆ ಲಕೋಟೆಯನ್ನು ತಂದು ಡೈರೆಕ್ಟರ ಮೇಜಿನ ಮೇಲಿಟ್ಟವರು ವೆಂಕಟರವಣಪ್ಪ.

ಆಮೇಲೆ ಕೆಲಸದ ಪದ್ಧತಿ ಬದಲಾಯಿತು. ಒಬ್ಬರ ರಕ್ತವನ್ನೇ ನಂಬುವುದು ನಿಂತಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆಯಿಂದಲೂ ಹಲವರ ರಕ್ತ ತಂದು, ಪ್ರತಿ ಸಲವೂ ಮೊದಲು ಪರೀಕ್ಷೆ ಮಾಡಿ, ಬೆರೆಸಿ ಬಳಸತೊಡಗಿದೆವು. ಬೈರಕೂರಿನ ಟೊಮೆಟೊ ಬೆಳೆಯುವವರೊಬ್ಬರು ಕೊಟ್ಟರು, ನನ್ನ ಬಡ ರಕ್ತಕ್ಕೂ ಜಾಗ ಸಿಕ್ಕಿತು. ಮಾದರಿಯಾಗಬೇಕೆಂದು ಡೈರೆಕ್ಟರೂ ಕುರ್ಚಿಯಲ್ಲಿ ಕುಳಿತರು. ಸೂಜಿ ಚುಚ್ಚುವ ಮೊದಲೇ ಎಚ್ಚರ ತಪ್ಪಿದರು. ಅವರ ರಕ್ತ ನಾರ್ಮಲ್ಲೋ ಅಲ್ಲವೋ ನಮಗೆ ಇಂದಿಗೂ ಗೊತ್ತಿಲ್ಲ.

ರೂಪಾಳಿಗೆ ಒಳ್ಳೆಯ ಆಪ್ಟಮರ್ ಒಂದು ಸಿಕ್ಕಿತು. ಬಾಟಲಿಯ ಕೋಶಗಳ ಮೇಲೆ ಹೊಳೆಯಿತು. ಇನ್ನು ನಿಜವಾದ ರೋಗಿಗಳ ರಕ್ತದ ಮೇಲೆ ನೋಡಬೇಕಿತ್ತು. ಒಂದು ಬೆಳಿಗ್ಗೆ ವೆಂಕಟರವಣಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು ಅವಳ ಮುಂದೆ ನಿಂತರು.

"ಪಾಪ, ನನ್ನ ಆ ಕಡೇಗೆ ಬರ್ಕೋ."

"ಯಾವ ಕಡೆಗೆ ಅಂಕಲ್?"

"ಕಾಯಿಲೆಯೋರ್ ಕಡೇಗೆ. ಈ ಕಡೆ ಇದ್ದು ನಿನ್ ಕೆಲ್ಸ ಕೆಡ್ಸಿದ್ದಾಯ್ತು. ಆ ಕಡೆಯಿಂದ ಏನಾದ್ರೂ ಆಗ್ತದಾ ನೋಡಾನ."

ಈ ಸಲ ಒಪ್ಪಿಗೆ ಪತ್ರವನ್ನು ಅವಳು ಸಾಲು ಸಾಲಾಗಿ ಓದಿ ಹೇಳಿದಳು. ಅವರು ಪ್ರತಿ ಸಾಲಿಗೂ "ಊಂ" ಎಂದು, ಕೊನೆಗೆ ಸಹಿ ಮಾಡಿದರು.

ಸಂಜೆ ಸೂಕ್ಷ್ಮದರ್ಶಕದ ಕೋಣೆಯಲ್ಲಿ ದೀಪ ಆರಿಸಿ ರೂಪಾ ಅವರನ್ನು ಕೂರಿಸಿದಳು. ಅವರು ಇಷ್ಟು ವರ್ಷ ರಕ್ತ ಕೊಟ್ಟಿದ್ದರೂ ಅದನ್ನು ಯಾರೂ ಅವರಿಗೆ ತೋರಿಸಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ಕಣ್ಣಿಟ್ಟರು. ಕಪ್ಪಿನಲ್ಲಿ ಹಸಿರು ಚುಕ್ಕೆಗಳು ತುಂಬಿ ಹೊಳೆಯುತ್ತಿದ್ದವು. ಅವಳು ಬಂದ ದಿನದಿಂದ ಕಾಣಬೇಕೆಂದಿದ್ದ ನೋಟ ಅದು. ಸಂತೋಷವನ್ನು ತೋರಿಸಬಾರದೆಂದು ಸೆರಗಿನಂತೆ ಕೋಟಿನ ತುದಿಯನ್ನು ಹಿಡಿದುಕೊಂಡಿದ್ದಳು.

"ಹೊಳೆಯೋವು ಕಾಯಿಲೇವು, ಅಲ್ವಾ?"

"ಹೌದು ಅಂಕಲ್."

"ಬೋ ಚೆನ್ನಾಗ್ ಹೊಳೀತಾವೆ. ನಿನ್ ಕೆಲ್ಸ ಸರಿಹೋಯ್ತು ಬಿಡು." ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಹೊಳೀದೆ ಇರೋವೂ ಇರ್ತಾವಾ?"

"ಇವೆ ಅಂಕಲ್. ಕತ್ತಲಲ್ಲಿ ಕಾಣಲ್ಲ." ರೂಪಾ ಕೆಳಗಿನ ಬಿಳಿ ದೀಪವನ್ನು ಸ್ವಲ್ಪವೇ ಹಚ್ಚಿದಳು. "ಈಗ ನೋಡಿ. ಹಸಿರಿನ ನಡುವೆ ಅಲ್ಲಲ್ಲಿ ಬೂದು ಬಣ್ಣದ ಉಂಗುರ ಕಾಣ್ತಾವಲ್ಲ, ಅವು ಚೆನ್ನಾಗಿರೋವು."

ಅವರು ಕಣ್ಣು ತೆಗೆಯಲಿಲ್ಲ. ಸ್ಲೈಡನ್ನು ಸರಿಸುವ ತಿರುಗಣೆಯನ್ನು ಅವಳು ಅವರ ಬೆರಳಿಗೆ ಕೊಟ್ಟಳು. ಸ್ಟೀರಿಂಗ್ ಹಿಡಿದ ಕೈ, ಬಹಳ ಹಗುರವಾಗಿ ತಿರುಗಿಸಿತು. ಹೊರಗೆ ನನ್ನ ಮಾಲೂರಿನ ಬಸ್ಸಿನ ಹೊತ್ತಾಗಿತ್ತು. ಹೋಗುತ್ತೇನೆಂದು ಹೇಳಲು ಬಾಗಿಲ ಬಳಿ ನಿಂತಿದ್ದೆ. ಅವರು ಹಸಿರನ್ನೆಲ್ಲ ದಾಟಿಸಿಕೊಂಡು ಹೋಗುತ್ತಾ, "ಅಗೋ, ಇಲ್ಲೊಂದೈತೆ," ಎನ್ನುತ್ತಿದ್ದರು. "ತಡಿ ತಡಿ ಪಾಪ, ದೀಪ ಆರಿಸ್ಬೇಡ. ಅಲ್ಲಿ ಮೂಲೇಲಿ ಇನ್ನೊಂದೈತೆ."